ಕಾದಂಬರಿ ಆಧಾರಿತ ಕನ್ನಡ ಚಲನಚಿತ್ರಗಳು ಮತ್ತು ಮೂಲನಿಷ್ಠೆಯ ಚರ್ಚೆ

ಕಾದಂಬರಿ ಆಧಾರಿತ ಕನ್ನಡ ಚಲನಚಿತ್ರಗಳು ಎಂದರೆ ಕನ್ನಡದಲ್ಲಿ ಮೊದಲೇ ಪ್ರಕಟವಾಗಿದ್ದ ಕಾದಂಬರಿ ಅಥವಾ ಸಣ್ಣಕಥೆಯನ್ನು ಆಧರಿಸಿ ನಿರ್ಮಾಣಗೊಂಡ ಚಿತ್ರಗಳು. 1960ರ ದಶಕದಿಂದ ಇಂತಹ ಚಿತ್ರಗಳು ಕನ್ನಡ ಚಿತ್ರರಂಗದ ಒಂದು ಮುಖ್ಯ ಧಾರೆಯಾಗಿ ಬೆಳೆದವು. ಇವುಗಳ ಜೊತೆಯಲ್ಲೇ ಒಂದು ಚರ್ಚೆಯೂ ಬೆಳೆಯಿತು. ಚಿತ್ರವು ಮೂಲಕೃತಿಗೆ ಎಷ್ಟರಮಟ್ಟಿಗೆ ನಿಷ್ಠವಾಗಿರಬೇಕು, ಪಾತ್ರವನ್ನು ಬದಲಿಸುವ ಹಕ್ಕು ನಿರ್ದೇಶಕನಿಗೆ ಇದೆಯೇ, ಕೃತಿಯನ್ನು ಮೆಚ್ಚಿದ ಓದುಗರಿಗೆ ಚಿತ್ರದ ಮೇಲೆ ಯಾವ ಬಗೆಯ ಅಧಿಕಾರವಿದೆ ಎಂಬುವು ಈ ಚರ್ಚೆಯ ಪ್ರಮುಖ ಪ್ರಶ್ನೆಗಳು. ಪಾಶ್ಚಾತ್ಯ ದೇಶಗಳಲ್ಲಿ ಕಾಮಿಕ್ ಪುಸ್ತಕಗಳ ಅತಿಮಾನುಷ ನಾಯಕರನ್ನು ಕುರಿತ ಚಿತ್ರಗಳ ಬಗ್ಗೆ ಅಭಿಮಾನಿಗಳು ನಡೆಸುವ ವಾಗ್ವಾದಕ್ಕೆ ಇದನ್ನು ಹೋಲಿಸಬಹುದು.

ಹಿನ್ನೆಲೆ

ಕನ್ನಡದ ಆರಂಭಿಕ ಚಿತ್ರಗಳು ಹೆಚ್ಚಾಗಿ ಪುರಾಣ, ಇತಿಹಾಸ ಮತ್ತು ವೃತ್ತಿರಂಗಭೂಮಿಯ ನಾಟಕಗಳಿಂದ ಕಥೆಗಳನ್ನು ಪಡೆಯುತ್ತಿದ್ದವು. ಪ್ರೇಕ್ಷಕರಿಗೆ ಕಥೆ ಮೊದಲೇ ತಿಳಿದಿರುತ್ತಿತ್ತು. ಆದರೆ ಪುರಾಣದ ಕಥೆಗೆ ಒಬ್ಬ ಕರ್ತೃವಿನ ಹಕ್ಕು ಎಂಬುದು ಇಲ್ಲದ ಕಾರಣ ಬದಲಾವಣೆಗಳು ದೊಡ್ಡ ವಿವಾದಕ್ಕೆ ಎಡೆಗೊಡಲಿಲ್ಲ. ಕಾದಂಬರಿಗಳು ತೆರೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಕೃತಿಗೆ ಒಬ್ಬ ಲೇಖಕನಿದ್ದನು, ಅದನ್ನು ಓದಿ ಪಾತ್ರಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದ ಓದುಗರೂ ಇದ್ದರು.

ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ ಕಾದಂಬರಿಯನ್ನು ಆಧರಿಸಿದ ‘ಕರುಣೆಯೇ ಕುಟುಂಬದ ಕಣ್ಣು’ (1962) ಚಿತ್ರವನ್ನು ಸಾಮಾನ್ಯವಾಗಿ ಕನ್ನಡದ ಮೊದಲ ಕಾದಂಬರಿ ಆಧಾರಿತ ಚಿತ್ರವೆಂದು ಗುರುತಿಸಲಾಗುತ್ತದೆ. ತ. ರಾ. ಸುಬ್ಬರಾಯರ ಕಾದಂಬರಿಯಿಂದ ‘ಚಂದವಳ್ಳಿಯ ತೋಟ’ (1964), ಅ. ನ. ಕೃಷ್ಣರಾಯರ ಕಾದಂಬರಿಯಿಂದ ‘ಸಂಧ್ಯಾರಾಗ’ (1966) ರೂಪುಗೊಂಡವು. ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’ (1967) ಮೈಸೂರಿನ ಲೇಖಕಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿತ್ತು. ಅನಂತರ ಅವರು ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969), ತ್ರಿವೇಣಿಯವರ ‘ಶರಪಂಜರ’ (1971), ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ (1973) ಮೊದಲಾದ ಕೃತಿಗಳನ್ನು ತೆರೆಗೆ ತಂದರು. ತ್ರಿವೇಣಿಯವರು 1963ರಲ್ಲೇ ನಿಧನರಾಗಿದ್ದರಿಂದ ತಮ್ಮ ಕೃತಿಗಳ ಈ ಚಿತ್ರಗಳನ್ನು ಅವರು ನೋಡಲಿಲ್ಲ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ, ರಾಜ್‌ಕುಮಾರ್ ಅಭಿನಯದ ‘ಬಂಗಾರದ ಮನುಷ್ಯ’ (1972) ಇಂತಹ ಚಿತ್ರಗಳು ಅಪಾರ ಜನಪ್ರಿಯತೆ ಗಳಿಸಬಲ್ಲವೆಂಬುದನ್ನು ತೋರಿಸಿತು.

‘ನಾಗರಹಾವು’ ಕುರಿತ ಭಿನ್ನಾಭಿಪ್ರಾಯ

ಮೂಲನಿಷ್ಠೆಯ ಚರ್ಚೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಚಿತ್ರ ‘ನಾಗರಹಾವು’ (1972). ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ಸುಮಾರು ಮೂರು ಗಂಟೆಗಳ ಒಂದೇ ಚಿತ್ರವನ್ನಾಗಿಸಿದರು. ಎನ್. ವೀರಾಸ್ವಾಮಿ ಚಿತ್ರದ ನಿರ್ಮಾಪಕರು. ಕೋಪಿಷ್ಠ ಯುವಕ ರಾಮಾಚಾರಿಯಾಗಿ ವಿಷ್ಣುವರ್ಧನ್, ಅವನ ಗುರು ಚಾಮಯ್ಯ ಮೇಷ್ಟ್ರಾಗಿ ಕೆ. ಎಸ್. ಅಶ್ವಥ್, ಅಲಮೇಲು ಆಗಿ ಆರತಿ, ಮಾರ್ಗರೆಟ್ ಆಗಿ ಶುಭಾ ಅಭಿನಯಿಸಿದರು. ಅಂಬರೀಶ್ ಅವರ ಚಿತ್ರಜೀವನವೂ ಇದೇ ಚಿತ್ರದಿಂದ ಆರಂಭವಾಯಿತು.

ಚಿತ್ರ ಭಾರಿ ಯಶಸ್ಸು ಕಂಡರೂ ಕಾದಂಬರಿಕಾರರು ತೃಪ್ತರಾಗಲಿಲ್ಲ. ನಿರ್ದೇಶಕರು ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಎಂಬರ್ಥದ ಅವರ ಮಾತು ಕನ್ನಡ ಚಿತ್ರವಿಮರ್ಶೆಯಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ವಿಷವಿರುವ ಹಾವಿನ ಬದಲು ವಿಷವಿಲ್ಲದ ಹಾವು ಎಂಬ ಈ ಹೋಲಿಕೆಯು ಮೂಲದ ಪಾತ್ರದ ತೀಕ್ಷ್ಣತೆ ತೆರೆಯ ಮೇಲೆ ಕಳೆದುಹೋಯಿತೆಂಬ ಆಕ್ಷೇಪವನ್ನು ಸೂಚಿಸುತ್ತದೆ. ಕಾದಂಬರಿಯ ಪಕ್ಷ ವಹಿಸುವ ಓದುಗರ ಪ್ರಕಾರ ರಾಮಾಚಾರಿ ಮೆಚ್ಚಿ ಅನುಕರಿಸಬೇಕಾದ ನಾಯಕನಲ್ಲ. ಸಮಾಜ ಮತ್ತು ಸ್ವಭಾವ ಸೇರಿ ಒಬ್ಬ ಯುವಕನನ್ನು ಹೇಗೆ ಹಾಳುಮಾಡುತ್ತವೆ ಎಂಬುದರ ಅಧ್ಯಯನವಾಗಿ ಅವರು ಆ ಪಾತ್ರವನ್ನು ನೋಡುತ್ತಾರೆ. ಚಿತ್ರದ ಪಕ್ಷ ವಹಿಸುವವರು ಚಾಮಯ್ಯ ಮೇಷ್ಟ್ರು ಮತ್ತು ರಾಮಾಚಾರಿಯ ಗುರುಶಿಷ್ಯ ಸಂಬಂಧ, ಚಿತ್ರದುರ್ಗದ ಕೋಟೆಯ ದೃಶ್ಯಗಳು, ಜಯಂತಿ ಅಭಿನಯಿಸಿದ ಒನಕೆ ಓಬವ್ವನ ಪ್ರಸಂಗ ಮತ್ತು ವಿಜಯಭಾಸ್ಕರರ ಸಂಗೀತವನ್ನು ಮುಂದಿಟ್ಟು, ಚಿತ್ರಕ್ಕೆ ತನ್ನದೇ ಆದ ಸಮಗ್ರತೆ ಇದೆಯೆಂದು ವಾದಿಸುತ್ತಾರೆ.

ರಾಮಾಚಾರಿ ಅನಂತರ ಕಾದಂಬರಿಯಿಂದ ಬಹುಮಟ್ಟಿಗೆ ಬಿಡುಗಡೆಗೊಂಡು ಜನಪ್ರಿಯ ಸಂಸ್ಕೃತಿಯ ಪಾತ್ರವಾದನು. ಚಿತ್ರವು ಹಿಂದಿ, ತಮಿಳು ಮತ್ತು ತೆಲುಗು ಭಾಷೆಗಳಲ್ಲಿ ಮರುನಿರ್ಮಾಣಗೊಂಡಿತು. ಹಿಂದಿಯ ‘ಜಹರೀಲಾ ಇನ್ಸಾನ್’ (1974) ಚಿತ್ರವನ್ನು ಪುಟ್ಟಣ್ಣನವರೇ ನಿರ್ದೇಶಿಸಿದರು. 2014ರಲ್ಲಿ ಬಿಡುಗಡೆಯಾದ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಚಿತ್ರದ ನಾಯಕನು ವಿಷ್ಣುವರ್ಧನ್ ಅವರ ಅಭಿಮಾನಿ. ಮೂಲ ಚಿತ್ರವು ಡಿಜಿಟಲ್ ತಂತ್ರಜ್ಞಾನದಿಂದ ನವೀಕರಣಗೊಂಡು 2018ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಿತು. ಲೇಖಕನು ಒಪ್ಪದ ರೂಪವೇ ಪಾತ್ರದ ಶಾಶ್ವತ ರೂಪವಾಗಿ ಉಳಿದದ್ದಕ್ಕೆ ಇದು ಕನ್ನಡದ ಪ್ರಮುಖ ಉದಾಹರಣೆ.

‘ವಂಶವೃಕ್ಷ’ ಮತ್ತು ನಂಜನಗೂಡು

ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಕಾದಂಬರಿಯ ಕಥೆ ಬಹುಪಾಲು ನಂಜನಗೂಡು ಮತ್ತು ಮೈಸೂರಿನಲ್ಲಿ ನಡೆಯುತ್ತದೆ. ನಂಜನಗೂಡು ಕಪಿಲಾ ನದಿಯ ದಡದಲ್ಲಿರುವ, ಶ್ರೀಕಂಠೇಶ್ವರ ದೇವಾಲಯಕ್ಕೆ ಹೆಸರಾದ ಪಟ್ಟಣ. ಮೈಸೂರಿನ ದಳವಾಯಿಗಳ ಮನೆತನಕ್ಕೆ ಹೆಸರು ಕೊಟ್ಟ ಕಳಲೆ ಗ್ರಾಮವು ಇದೇ ತಾಲ್ಲೂಕಿನಲ್ಲಿದೆ. ಕಪಿಲೆಯು ಇಲ್ಲಿಂದ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ.

ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಯರ ಮಗ ನಂಜುಂಡ ಶ್ರೋತ್ರಿ ಕಪಿಲೆಯ ಪ್ರವಾಹದಲ್ಲಿ ಮುಳುಗಿ ಸಾಯುತ್ತಾನೆ. ವಿಧವೆಯಾದ ಸೊಸೆ ಕಾತ್ಯಾಯಿನಿ ಓದು ಮುಂದುವರಿಸಲು ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುತ್ತಾಳೆ, ಅಲ್ಲಿ ಅಧ್ಯಾಪಕ ರಾಜಾರಾವ್‌ನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗನನ್ನು ನಂಜನಗೂಡಿನ ಮನೆಯಲ್ಲೇ ಬಿಟ್ಟುಹೋಗಬೇಕಾಗುತ್ತದೆ. ವಂಶದ ಶುದ್ಧಿಯನ್ನು ನಂಬಿ ಬದುಕಿದ ಶ್ರೋತ್ರಿಯರಿಗೆ ಕೊನೆಯಲ್ಲಿ ತಮ್ಮ ಜನ್ಮದ ರಹಸ್ಯ ತಿಳಿಯುತ್ತದೆ.

ಬಿ. ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡರು ಜೊತೆಯಾಗಿ ಇದನ್ನು ಚಿತ್ರವಾಗಿ ನಿರ್ದೇಶಿಸಿದರು. ಇಬ್ಬರಿಗೂ 1971ರ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಕಾತ್ಯಾಯಿನಿಯಾಗಿ ಎಲ್. ವಿ. ಶಾರದಾ ಅಭಿನಯಿಸಿದರು. ಮುಂದೆ ರಾಮಾಚಾರಿಯಾಗಿ ಹೆಸರಾದ ವಿಷ್ಣುವರ್ಧನ್ ಇದರಲ್ಲಿ ಒಂದು ಸಣ್ಣ ಪಾತ್ರ ವಹಿಸಿದ್ದರು. 1980ರಲ್ಲಿ ಬಾಪು ನಿರ್ದೇಶನದಲ್ಲಿ ಈ ಕಥೆ ತೆಲುಗಿನಲ್ಲಿಯೂ ತೆರೆಕಂಡಿತು.

‘ವಂಶವೃಕ್ಷ’ದ ವಿಷಯದಲ್ಲಿ ಚರ್ಚೆ ಕಥೆಯ ಒಲವನ್ನು ಕುರಿತದ್ದು. ಕಾದಂಬರಿಯ ಸಹಾನುಭೂತಿ ಶ್ರೋತ್ರಿಯರ ಕಡೆಗಿದೆಯೇ, ಕಾತ್ಯಾಯಿನಿಯ ಕಡೆಗಿದೆಯೇ ಎಂಬ ಪ್ರಶ್ನೆ ಓದುಗರಲ್ಲೇ ಇತ್ಯರ್ಥವಾಗಿಲ್ಲ. ಕಾದಂಬರಿಯು ಪಾತ್ರಗಳ ಆಲೋಚನೆ ಮತ್ತು ಧರ್ಮಜಿಜ್ಞಾಸೆಯನ್ನು ಪುಟಗಟ್ಟಲೆ ವಿವರಿಸಬಲ್ಲದು. ಚಿತ್ರವು ಅದನ್ನು ನಟರ ಮುಖ, ಮೌನ ಮತ್ತು ಮಾತಿನಲ್ಲಿ ತೋರಿಸಬೇಕು. ಆದ್ದರಿಂದ ಘಟನೆಗಳನ್ನು ಹಾಗೆಯೇ ಉಳಿಸಿಕೊಂಡ ಚಿತ್ರವೂ ಯಾವ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದರಿಂದಲೇ ಒಂದು ನಿಲುವನ್ನು ತಳೆದಂತಾಗುತ್ತದೆ.

ಮೂಲದಿಂದ ದೂರ ಸರಿದ ಚಿತ್ರಗಳು

ಮೂಲಕೃತಿಯಿಂದ ಬಹುದೂರ ಹೋದ ಚಿತ್ರಗಳೆಲ್ಲವೂ ಟೀಕೆಗೆ ಗುರಿಯಾಗಿಲ್ಲ. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ‘ಗುಲಾಬಿ ಟಾಕೀಸು’ (2008) ಇದಕ್ಕೆ ನಿದರ್ಶನ. ಕಥೆಯಲ್ಲಿ ಕರಾವಳಿಯ ಸಣ್ಣ ಊರಿಗೆ ಬಂದು ಅಲ್ಲಿನ ಹೆಂಗಸರ ಬದುಕನ್ನು ಬದಲಿಸುವುದು ಚಿತ್ರಮಂದಿರ. ಚಿತ್ರದಲ್ಲಿ ಅದರ ಸ್ಥಾನವನ್ನು ಟಿ.ವಿ. ಪಡೆಯುತ್ತದೆ, ಕಾಲವು ಕಾರ್ಗಿಲ್ ಯುದ್ಧದ ದಿನಗಳಿಗೆ ಸರಿಯುತ್ತದೆ, ಸೂಲಗಿತ್ತಿ ಗುಲಾಬಿ ಮುಸ್ಲಿಂ ಮಹಿಳೆಯಾಗಿರುತ್ತಾಳೆ. ಈ ಪಾತ್ರಕ್ಕಾಗಿ ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿಯ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು.

ತ. ರಾ. ಸುಬ್ಬರಾಯರ ‘ಹಂಸಗೀತೆ’ ಇನ್ನೊಂದು ಬಗೆಯ ಉದಾಹರಣೆ. ಒಂದೇ ಕಾದಂಬರಿಯಿಂದ ಹಿಂದಿಯ ‘ಬಸಂತ್ ಬಹಾರ್’ (1956) ಮತ್ತು ಜಿ. ವಿ. ಅಯ್ಯರ್ ನಿರ್ದೇಶನದ ಕನ್ನಡ ‘ಹಂಸಗೀತೆ’ (1975) ಎರಡೂ ಹುಟ್ಟಿದವು. ಮೊದಲನೆಯದು ಹಿಂದೂಸ್ತಾನಿ ರಾಗಗಳನ್ನು ಆಧರಿಸಿದ ಹಾಡುಗಳ ಜನಪ್ರಿಯ ಚಿತ್ರ. ಎರಡನೆಯದು ಅನಂತ ನಾಗ್ ಅಭಿನಯದ, ಕರ್ನಾಟಕ ಸಂಗೀತಗಾರನೊಬ್ಬನ ಬದುಕಿನ ಗಂಭೀರ ಚಿತ್ರಣ.

ಪ್ರಮುಖ ವಾದಗಳು

ಮೂಲನಿಷ್ಠೆಯನ್ನು ಬಯಸುವವರು ಸಾಮಾನ್ಯವಾಗಿ ಮೂರು ಕಾರಣಗಳನ್ನು ಕೊಡುತ್ತಾರೆ. ಚಿತ್ರವು ಕೃತಿಯ ಹೆಸರನ್ನೂ ಅದರ ಓದುಗರನ್ನೂ ಬಳಸಿಕೊಳ್ಳುವುದರಿಂದ ಅದರ ಆಶಯಕ್ಕೆ ಬದ್ಧವಾಗಿರಬೇಕು ಎಂಬುದು ಮೊದಲನೆಯದು. ಚಿತ್ರ ನೋಡಿದ ಬಹುಪಾಲು ಜನ ಕೃತಿಯನ್ನು ಓದುವುದಿಲ್ಲವಾದ್ದರಿಂದ ಲೇಖಕನು ಹೇಳದ ಮಾತು ಅವನ ಹೆಸರಿನಲ್ಲಿ ಉಳಿದುಬಿಡುತ್ತದೆ ಎಂಬುದು ಎರಡನೆಯದು. ಬದಲಾವಣೆಗಳು ಹಲವು ಬಾರಿ ಕಲೆಯ ಅಗತ್ಯದಿಂದ ಬರದೆ ತಾರೆಯ ವರ್ಚಸ್ಸು ಮತ್ತು ವ್ಯಾಪಾರದ ಲೆಕ್ಕಾಚಾರದಿಂದ ಬರುತ್ತವೆ ಎಂಬುದು ಮೂರನೆಯದು.

ನಿರ್ದೇಶಕನ ಸ್ವಾತಂತ್ರ್ಯವನ್ನು ಒಪ್ಪುವವರು ಕಾದಂಬರಿ ಮತ್ತು ಚಿತ್ರ ಬೇರೆ ಬೇರೆ ಮಾಧ್ಯಮಗಳೆಂಬುದನ್ನು ನೆನಪಿಸುತ್ತಾರೆ. ಹಲವು ನೂರು ಪುಟಗಳ ಕೃತಿಯನ್ನು ಎರಡು ಮೂರು ಗಂಟೆಗಳಿಗೆ ಇಳಿಸುವಾಗ ಆಯ್ಕೆ ಅನಿವಾರ್ಯ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಂತಹ ವಿಸ್ತಾರವಾದ ಕಾದಂಬರಿ 1999ರಲ್ಲಿ ಕಾರ್ನಾಡರ ನಿರ್ದೇಶನದಲ್ಲಿ ತೆರೆಗೆ ಬಂದಾಗಲೂ ಈ ಪ್ರಶ್ನೆ ಎದುರಾಯಿತು. ಚಿತ್ರವು ಕೃತಿಯ ಒಂದು ಓದು ಮಾತ್ರ, ಪುಸ್ತಕವು ಅದರಿಂದ ಅಳಿಸಿಹೋಗುವುದಿಲ್ಲ ಎಂಬುದು ಇವರ ನಿಲುವು. ಚೋಮನ ದುಡಿ (1975), ಘಟಶ್ರಾದ್ಧ (1977) ಮೊದಲಾದ ಚಿತ್ರಗಳು ಅತ್ಯುತ್ತಮ ಚಿತ್ರಕ್ಕಾಗಿ ಸ್ವರ್ಣಕಮಲ ಪಡೆದದ್ದರಿಂದ ಆಧಾರಕೃತಿಗಳಿಗೂ ಹೊಸ ಓದುಗರು ದೊರೆತರೆಂದು ಅವರು ಹೇಳುತ್ತಾರೆ.

ಕಾಮಿಕ್ ಆಧಾರಿತ ಚಿತ್ರಗಳೊಡನೆ ಹೋಲಿಕೆ

ಇದೇ ವಾದಗಳು ಅಮೆರಿಕದ ಕಾಮಿಕ್ ಆಧಾರಿತ ಚಿತ್ರಗಳ ಸುತ್ತಲೂ ಕೇಳಿಬಂದಿವೆ. ಟಿಮ್ ಬರ್ಟನ್ ನಿರ್ದೇಶನದ ‘ಬ್ಯಾಟ್‌ಮ್ಯಾನ್’ (1989) ಚಿತ್ರಕ್ಕೆ ಹಾಸ್ಯನಟರೆಂದು ಹೆಸರಾಗಿದ್ದ ಮೈಕಲ್ ಕೀಟನ್ ಆಯ್ಕೆಯಾದಾಗ ಅಭಿಮಾನಿಗಳಿಂದ ಸುಮಾರು 50,000 ಪ್ರತಿಭಟನಾ ಪತ್ರಗಳು ಬಂದವೆಂದು ವರದಿಯಾಗಿತ್ತು. ಚಿತ್ರ ಬಿಡುಗಡೆಯಾದ ಮೇಲೆ ಅದೇ ಅಭಿನಯ ಮೆಚ್ಚುಗೆ ಗಳಿಸಿತು. ‘ಜಸ್ಟಿಸ್ ಲೀಗ್’ (2017) ಚಿತ್ರದ ಬಗ್ಗೆ ಅತೃಪ್ತರಾದ ಅಭಿಮಾನಿಗಳ ದೀರ್ಘ ಒತ್ತಾಯದ ನಂತರ 2021ರಲ್ಲಿ ನಿರ್ದೇಶಕ ಜಾಕ್ ಸ್ನೈಡರ್ ಅವರ ಆವೃತ್ತಿ ಹೊರಬಂದಿತು. 2019ರಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರು ಮಾರ್ವೆಲ್ ಚಿತ್ರಗಳನ್ನು ಸಿನಿಮಾ ಎನ್ನಲಾಗದು ಎಂಬ ಅಭಿಪ್ರಾಯ ವ್ಯಕ್ತಪಡಿಸಿದಾಗ ಚರ್ಚೆ ಮೂಲನಿಷ್ಠೆಯಿಂದ ಕಲಾಮೌಲ್ಯದ ಕಡೆಗೆ ತಿರುಗಿತು.

ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಕಾಮಿಕ್‌ನಲ್ಲಿ ಪಾತ್ರದ ಮುಖ, ಮೈಕಟ್ಟು, ಉಡುಪು ಮೊದಲೇ ಚಿತ್ರಿತವಾಗಿರುವುದರಿಂದ ಅಭಿಮಾನಿಯು ತೆರೆಯ ರೂಪವನ್ನು ಪುಟದ ರೂಪದೊಡನೆ ನೇರವಾಗಿ ಹೋಲಿಸಬಲ್ಲನು. ಕಾದಂಬರಿಯ ಓದುಗನು ತನ್ನ ಕಲ್ಪನೆಯೊಡನೆ ಹೋಲಿಸಬೇಕು. ಒಬ್ಬೊಬ್ಬ ಓದುಗನ ಕಾತ್ಯಾಯಿನಿಯೂ ಬೇರೆಯಾದ್ದರಿಂದ ಕನ್ನಡದ ಚರ್ಚೆಯಲ್ಲಿ ಪಾತ್ರದ ಹೊರರೂಪಕ್ಕಿಂತ ಸ್ವಭಾವ ಮತ್ತು ಆಶಯದ ಪ್ರಶ್ನೆಗಳೇ ಮುಂದೆ ಬರುತ್ತವೆ.

ಓದುಗರ ಪಾಲ್ಗೊಳ್ಳುವಿಕೆ

ಇತ್ತೀಚಿನ ವರ್ಷಗಳಲ್ಲಿ ಓದುಗರು ಚಿತ್ರವನ್ನು ಹೊರಗಿನಿಂದ ವಿಮರ್ಶಿಸುವುದಕ್ಕಷ್ಟೇ ಸೀಮಿತರಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಗಳಿಂದ ಈ ಮೊದಲೇ ‘ಅಬಚೂರಿನ ಪೋಸ್ಟಾಫೀಸು’ (1973), ‘ತಬರನ ಕಥೆ’, ‘ಕುಬಿ ಮತ್ತು ಇಯಾಲ’ ಚಿತ್ರಗಳು ಬಂದಿದ್ದವು. ಇವುಗಳಲ್ಲಿ ‘ತಬರನ ಕಥೆ’ 1986ರ ಸಾಲಿನ ಸ್ವರ್ಣಕಮಲ ಪಡೆಯಿತು. 2023ರ ಮೇ ತಿಂಗಳಲ್ಲಿ ಬಿಡುಗಡೆಯಾದ, ಶಶಾಂಕ್ ಸೋಗಾಲ್ ನಿರ್ದೇಶನದ ‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರಕ್ಕೆ ತೇಜಸ್ವಿಯವರ ಅಭಿಮಾನಿ ಓದುಗರೇ ಹಣ ಹೂಡಿದರು. ಕಾಲೇಜಿಗೆ ಹೊಸದಾಗಿ ಸೇರುವ ಏಕೈಕ ಮುಸ್ಲಿಂ ವಿದ್ಯಾರ್ಥಿಯನ್ನು ಉಳಿದವರು ಹೇಗೆ ಕಾಣುತ್ತಾರೆ ಎಂಬುದು ಇದರ ವಸ್ತು. ಕೆಲವೇ ಪುಟಗಳ ಕಥೆಯನ್ನು ಪೂರ್ಣಾವಧಿ ಚಿತ್ರವಾಗಿಸಲು ಹೊಸ ಪಾತ್ರ, ಪ್ರಸಂಗಗಳನ್ನು ಸೇರಿಸಬೇಕಾಯಿತು. ಇಲ್ಲಿ ಮೂಲವನ್ನು ವಿಸ್ತರಿಸಿದವರ ಬೆನ್ನಿಗೆ ನಿಂತವರು ಆ ಮೂಲವನ್ನು ಪ್ರೀತಿಸಿದ ಓದುಗರೇ ಆಗಿದ್ದರು. ನಿಷ್ಠೆ ಮತ್ತು ಸ್ವಾತಂತ್ರ್ಯ ಪರಸ್ಪರ ವಿರುದ್ಧ ಪಕ್ಷಗಳೆಂಬ ಹಳೆಯ ವಿಭಜನೆ ಈ ಚಿತ್ರದ ಮಟ್ಟಿಗೆ ಅನ್ವಯಿಸಲಿಲ್ಲ.