ದ್ವೀಪದ ಕವಡೆ, ನೆರೆನಾಡಿನ ಅಕ್ಕಿ: ಮಾಲ್ಡೀವ್ಸ್‌ನ ಆಮದಿನ ಇತಿಹಾಸ

ಒಂದು ದೇಶ ತರಿಸಿಕೊಳ್ಳುವ ಒಟ್ಟು ಸರಕಿನಲ್ಲಿ ಅದೇ ವಲಯದ ಅಭಿವೃದ್ಧಿಶೀಲ ನೆರೆದೇಶಗಳ ಪಾಲು ಶೇಕಡಾ ಎಷ್ಟು ಎಂಬುದನ್ನು ವಿಶ್ವಬ್ಯಾಂಕು ತನ್ನ ಅಂಕಿಅಂಶಗಳಲ್ಲಿ ಬೇರೆಯಾಗಿಯೇ ಗುರುತಿಸುತ್ತದೆ. ಸರಕು ಎಂದರೆ ಇಲ್ಲಿ ಸುಂಕದ ಕಟ್ಟೆಯನ್ನು ದಾಟಿ ಬರುವ ವಸ್ತುಗಳು ಮಾತ್ರ. ಪ್ರವಾಸ, ವಿಮೆ, ಬ್ಯಾಂಕು ವ್ಯವಹಾರದಂತಹ ಸೇವೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಈ ಪಾಲನ್ನು ಹಣದ ಮೌಲ್ಯದಲ್ಲಿ ಅಳೆಯುವುದರಿಂದ, ಒಂದು ಹಡಗು ಡೀಸೆಲ್ಲಿನ ಎದುರು ಒಂದು ಹಡಗು ಈರುಳ್ಳಿ ತೀರ ಸಣ್ಣದಾಗಿ ಕಾಣುತ್ತದೆ. ಸುಮಾರು 1,190 ಹವಳದ ದ್ವೀಪಗಳ, 300 ಚದರ ಕಿಲೋಮೀಟರಿನಷ್ಟೇ ನೆಲವುಳ್ಳ ಮಾಲ್ಡೀವ್ಸ್‌ನ ಮಟ್ಟಿಗೆ ಈ ಅಳತೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ ಎಂಬುದು ಆ ದೇಶದ ಆಮದಿನ ದೀರ್ಘ ಇತಿಹಾಸವನ್ನು ನೋಡಿದಾಗ ಸ್ಪಷ್ಟವಾಗುತ್ತದೆ.

ಹವಳದ ಮರಳು ನೆಲದಲ್ಲಿ ತೆಂಗು ಬೆಳೆಯುತ್ತದೆ, ಅಲ್ಲಲ್ಲಿ ಕಿರುಧಾನ್ಯವೂ ಬೆಳೆಯುತ್ತದೆ, ಆದರೆ ಭತ್ತ ಬೆಳೆಯುವುದಿಲ್ಲ; ಹೀಗಿದ್ದರೂ ಅಕ್ಕಿ ಅಲ್ಲಿನ ಜನರ ಮುಖ್ಯ ಆಹಾರವಾಗಿ ಶತಮಾನಗಳೇ ಕಳೆದಿವೆ. 1343ರಲ್ಲಿ ಅಲ್ಲಿಗೆ ಬಂದು ಕಾಜಿಯ ಹುದ್ದೆಯನ್ನೂ ನಿರ್ವಹಿಸಿದ ಪ್ರವಾಸಿ ಇಬ್ನ್ ಬತೂತ, ದ್ವೀಪವಾಸಿಗಳು ಬಂಗಾಳದವರಿಗೆ ಕವಡೆ ಕೊಟ್ಟು ಅಕ್ಕಿ ಪಡೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಬಂಗಾಳದಲ್ಲಿ ಕವಡೆಯೇ ಚಿಲ್ಲರೆ ನಾಣ್ಯವಾಗಿತ್ತು. 1602ರಲ್ಲಿ ಹಡಗು ಒಡೆದು ಈ ದ್ವೀಪಗಳಲ್ಲಿ ಸಿಕ್ಕಿಕೊಂಡು ಸುಮಾರು ಐದು ವರ್ಷ ಅಲ್ಲಿಯೇ ಉಳಿದ ಫ್ರೆಂಚ್ ನಾವಿಕ ಫ್ರಾನ್ಸ್ವಾ ಪಿರಾರ್ ಕವಡೆ ಸಂಗ್ರಹದ ಕೆಲಸವನ್ನು ವಿವರವಾಗಿ ಬರೆದಿದ್ದಾನೆ. ಅಮಾವಾಸ್ಯೆ, ಹುಣ್ಣಿಮೆಗಳ ಹಿಂದುಮುಂದಿನ ದಿನಗಳಲ್ಲಿ ಹೆಚ್ಚಾಗಿ ಹೆಂಗಸರೇ ಸೊಂಟಮಟ್ಟದ ನೀರಿಗಿಳಿದು ಕವಡೆಯನ್ನು ಆಯುತ್ತಿದ್ದರು. ಅದನ್ನು ಮರಳಿನಲ್ಲಿ ಹೂತು, ಒಳಗಿನ ಜೀವಿ ಕೊಳೆತ ಮೇಲೆ ತೊಳೆದು ಮಾರಾಟಕ್ಕೆ ಸಿದ್ಧಗೊಳಿಸಲಾಗುತ್ತಿತ್ತು. ಒಂದೇ ವರ್ಷದಲ್ಲಿ ಮೂವತ್ತು ನಲವತ್ತು ಹಡಗುಗಳು ಬರಿಯ ಕವಡೆಯನ್ನೇ ತುಂಬಿಕೊಂಡು ಬಂಗಾಳಕ್ಕೆ ಹೊರಟಿದ್ದನ್ನು ಪಿರಾರ್ ಹೇಳುತ್ತಾನೆ. ನೈರುತ್ಯ ಮಾರುತದ ಬಲದಿಂದ ಉತ್ತರಕ್ಕೆ ಸಾಗಿದ ಹಡಗುಗಳು ಈಶಾನ್ಯ ಮಾರುತ ಬೀಸತೊಡಗಿದ ಮೇಲೆ ಅಕ್ಕಿ ಹೇರಿಕೊಂಡು ಮರಳುತ್ತಿದ್ದುದರಿಂದ, ಒಂದು ವರ್ಷದ ಅನ್ನ ಗಾಳಿಯ ಒಂದು ಸುತ್ತಿಗೆ ಕಟ್ಟುಬಿದ್ದಿತ್ತು. ಕನ್ನಡದಲ್ಲಿ ತೀರ ಅಲ್ಪ ಬೆಲೆಯನ್ನು ಸೂಚಿಸುವ ‘ಕವಡೆ ಕಾಸು’ ಎಂಬ ಮಾತಿನ ಹಿಂದೆ ಇರುವ ಕವಡೆಗೆ ಈ ದ್ವೀಪಗಳಲ್ಲಿ ಅನ್ನದ ಬೆಲೆಯಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಇದಕ್ಕೆ ಹೋಲುವ ವಿನಿಮಯ ಕರಾವಳಿ ಕರ್ನಾಟಕಕ್ಕೂ ಪರಿಚಿತವೇ: 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದ ಅಮಿನ್‌ದಿವಿ ದ್ವೀಪಗಳ ಜನರು ತೆಂಗಿನ ನಾರು ಕೊಟ್ಟು ಅಕ್ಕಿ ಪಡೆಯುತ್ತಿದ್ದರು.

19ನೆಯ ಶತಮಾನದ ಆರಂಭದ ದಶಕಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಕಂದಾಯವನ್ನು ಕವಡೆಯ ರೂಪದಲ್ಲಿ ಸ್ವೀಕರಿಸುವುದನ್ನು ಕೈಬಿಟ್ಟಂತೆ ಬಂಗಾಳದಲ್ಲಿ ಕವಡೆಯ ಚಲಾವಣೆ ಕುಸಿಯಿತು, ಮಾಲ್ಡೀವ್ಸ್ ತನ್ನ ಅತಿ ಹಳೆಯ ಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿತು. ಆ ಜಾಗಕ್ಕೆ ಬಂದದ್ದು, ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿನಲ್ಲಿ ಗಟ್ಟಿಯಾಗಿ ಒಣಗಿಸಿದ ಮೀನು. ಅದರ ಮಾರುಕಟ್ಟೆ ಶ್ರೀಲಂಕಾ. ಹೀಗಾಗಿ ಅಕ್ಕಿಯನ್ನು ಕೊಳ್ಳುವ ಪೇಟೆಯೂ ಕೊಲಂಬೊ ಆಯಿತು. ಆದರೆ ಶ್ರೀಲಂಕಾವೇ ಭಾರತ ಮತ್ತು ಬರ್ಮಾಗಳಿಂದ ಅಕ್ಕಿ ತರಿಸಿಕೊಳ್ಳುತ್ತಿದ್ದ ದೇಶ. ಸರಕು ಹುಟ್ಟಿದ ದೇಶ ಬೇರೆ, ಅದನ್ನು ರವಾನಿಸಿದ ದೇಶ ಬೇರೆ ಎಂಬ ಈ ತೊಡಕು ವ್ಯಾಪಾರದ ಅಂಕಿಅಂಶಗಳನ್ನು ಇಂದಿಗೂ ಬಿಟ್ಟಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯಿಂದ ಬಂದ ಬೋಹ್ರಾ ವರ್ತಕರು ರಾಜಧಾನಿ ಮಾಲೆಯಲ್ಲಿ ಮಳಿಗೆಗಳನ್ನು ತೆರೆದು ಆಮದು ವ್ಯಾಪಾರದ ಬಹುಭಾಗವನ್ನು ತಮ್ಮ ಕೈಯಲ್ಲಿಟ್ಟುಕೊಂಡರು. 1887ರಲ್ಲಿ ದ್ವೀಪಗಳು ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ಮೇಲೂ ಅವರ ಹಿಡಿತ ಸಡಿಲಲಿಲ್ಲ.

ಎರಡನೆಯ ಮಹಾಯುದ್ಧ ಈ ಏರ್ಪಾಟಿನ ದೌರ್ಬಲ್ಯವನ್ನು ಕ್ರೂರವಾಗಿ ಬಯಲಿಗೆಳೆಯಿತು. 1942ರಲ್ಲಿ ಬರ್ಮಾ ಜಪಾನಿನ ವಶವಾದಾಗ ಅಲ್ಲಿನ ಅಕ್ಕಿ ನಿಂತಿತು, ಕೊಲಂಬೊದಲ್ಲಿಯೇ ಕೊರತೆ ತಲೆದೋರಿತು, ಮಾಲ್ಡೀವ್ಸ್‌ನಲ್ಲಿ ಜನ ಹಸಿವಿನಿಂದ ನರಳಿದರು. ಆ ದಶಕದಲ್ಲಿ ಸರ್ಕಾರವೇ ಆಮದಿಗೆ ಇಳಿದುದರ ಹಿಂದೆ ವಿದೇಶಿ ವರ್ತಕರ ಬಗೆಗಿನ ಅಸಮಾಧಾನದ ಜೊತೆಗೆ ಈ ಹಸಿವಿನ ನೆನಪೂ ಇತ್ತೆಂದು ತಿಳಿಯುವುದು ಯುಕ್ತ. 1964ರಲ್ಲಿ ಆರಂಭವಾಗಿ ಮುಂದೆ ಸ್ಟೇಟ್ ಟ್ರೇಡಿಂಗ್ ಆರ್ಗನೈಸೇಷನ್ ಎಂಬ ಹೆಸರು ಪಡೆದ ಸರ್ಕಾರಿ ವ್ಯಾಪಾರ ಸಂಸ್ಥೆ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆಗಳನ್ನು ನಿಯಂತ್ರಿತ ಬೆಲೆಗೆ ಒದಗಿಸುವ ಹೊಣೆ ಹೊತ್ತಿತು.

1970ರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಅಭಾವದಿಂದ ಶ್ರೀಲಂಕಾ ಒಣಮೀನಿನ ಖರೀದಿಯನ್ನು ಕಡಿತಗೊಳಿಸಿದಾಗ ಮೀನು ಜಪಾನಿನ ಕಡೆಗೆ ತಿರುಗಿತು. 1972ರಲ್ಲಿ ಮೊದಲ ಪ್ರವಾಸಿ ವಿಹಾರಧಾಮವೂ ತೆರೆಯಿತು. ಪ್ರವಾಸಿಗರು ಡಾಲರು ತಂದರು, ಜೊತೆಗೆ ವಿದ್ಯುತ್ತಿಗೆ ಡೀಸೆಲ್, ದೋಣಿಗಳಿಗೆ ಎಂಜಿನ್, ಅತಿಥಿಗಳಿಗೆ ದೂರದೇಶಗಳ ಆಹಾರ, ಪಾನೀಯಗಳ ಅಗತ್ಯವನ್ನೂ ತಂದರು. ದುಬಾರಿಯಾದ ಈ ಸರಕು ಕೊಲ್ಲಿ ರಾಷ್ಟ್ರಗಳಿಂದಲೂ ಸಿಂಗಾಪುರದಿಂದಲೂ ಬಂದಷ್ಟೂ ನೆರೆದೇಶಗಳ ಶೇಕಡಾವಾರು ಪಾಲು ಕಿರಿದಾಗಿ ಕಾಣತೊಡಗುವುದು ಸಹಜ. ಇದನ್ನು ಅವಲಂಬನೆ ತಗ್ಗಿದ ಗುರುತೆಂದು ಓದುವುದು ತಪ್ಪು.

2006ರಲ್ಲಿ ಜಾರಿಗೆ ಬಂದ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದ 12ನೆಯ ವಿಧಿ, ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮಾಲ್ಡೀವ್ಸ್ ಮೇಲೇರಿದರೂ ಆ ದೇಶಗಳಿಗಿರುವ ರಿಯಾಯಿತಿ ಅದಕ್ಕೆ ಮುಂದುವರಿಯಬೇಕೆಂದು ಹೇಳುತ್ತದೆ. 2011ರಲ್ಲಿ ಮಾಲ್ಡೀವ್ಸ್ ಆ ಪಟ್ಟಿಯಿಂದ ಹೊರಬಂದಿತು. ಆದರೂ ಅಲ್ಲಿನ ಅಡುಗೆಮನೆಗೆ ಹೆಚ್ಚು ಹತ್ತಿರವಾದದ್ದು 1981ರಲ್ಲಿ ಭಾರತದೊಡನೆ ಆದ ವ್ಯಾಪಾರ ಒಪ್ಪಂದ. ಅದರ ಅನ್ವಯ ಅಗತ್ಯ ವಸ್ತುಗಳ ರಫ್ತಿಗೆ ಭಾರತ ಕೋಟಾ, ಅಂದರೆ ಗರಿಷ್ಠ ಪ್ರಮಾಣ, ನಿಗದಿ ಮಾಡುತ್ತದೆ. 2023ರಲ್ಲಿ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ಭಾರತ ನಿಷೇಧಿಸಿದ ಮೇಲೂ 2024-25ನೆಯ ಸಾಲಿಗೆ ಮಾಲ್ಡೀವ್ಸ್‌ಗೆ 1,24,218 ಟನ್ ಅಕ್ಕಿ, 35,749 ಟನ್ ಈರುಳ್ಳಿ, 42.75 ಕೋಟಿ ಮೊಟ್ಟೆಗಳ ಮಿತಿ ಗೊತ್ತುಮಾಡಲಾಯಿತು. ಇವು ಮಿತಿಗಳೇ ಹೊರತು ನಿಜವಾಗಿ ಕೊಂಡ ಪ್ರಮಾಣಗಳಲ್ಲ. ಅದೇ ಪಟ್ಟಿಯಲ್ಲಿ ನದಿಯ ಮರಳು ಮತ್ತು ಜಲ್ಲಿಗೆ ತಲಾ 10 ಲಕ್ಷ ಟನ್ನಿನ ಮಿತಿ ಇತ್ತು. 1658ರಲ್ಲಿ ಮಾಲೆಯ ಶುಕ್ರವಾರದ ಮಸೀದಿಯನ್ನು ಹವಳದ ಕಲ್ಲಿನಲ್ಲಿಯೇ ಕೆತ್ತಿ ಕಟ್ಟಿದ ದ್ವೀಪಗಳಿವು. ಆದರೆ ಹವಳ ಕಿತ್ತರೆ ಅಲೆಗಳನ್ನು ತಡೆಯುವ ದಿಬ್ಬವೇ ಉಳಿಯುವುದಿಲ್ಲ, ಉಪ್ಪು ಸೇರಿದ ಕಡಲ ಮರಳು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತುಕ್ಕುಹಿಡಿಸುತ್ತದೆ. ಹೀಗಾಗಿ ಸುತ್ತಲೂ ಮರಳೇ ಇರುವ ದೇಶ ಮನೆ ಕಟ್ಟಲು ನೆರೆನಾಡಿನ ಹೊಳೆಯ ಮರಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದೆ.