ಕೈ ತೊಳೆಯೋ ಜಾಗದ ಮಾತುಕತೆ

"ಅಪ್ಪಾ, ಅಷ್ಟು ದೊಡ್ಡವರೆಲ್ಲ ಒಂದೇ ಕಡೆ ಸೇರಿ ಏನ್ ಮಾಡ್ತಾರೆ? ಬರೀ ಫೋಟೋ ತೆಗೆಸ್ಕೊಳ್ತಾರಾ?"

2023ರ ಮಾತು. ಮಗಳಿಗೆ ಶಾಲೆಯಲ್ಲಿ ಜಿ-20 ಬಗ್ಗೆ ಚಾರ್ಟ್ ಮಾಡೋ ಕೆಲಸ ಕೊಟ್ಟಿದ್ರು. ಹತ್ತೊಂಬತ್ತು ದೇಶಗಳ ಬಾವುಟ, ಅದರ ಮೇಲೆ ಐರೋಪ್ಯ ಒಕ್ಕೂಟದ್ದು ಇನ್ನೊಂದು. ಬಣ್ಣ ಹಚ್ಚಿ ಹಚ್ಚಿ ಸುಸ್ತಾಗಿ ಕೇಳಿದ್ದು ಇದು. ಆ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಜಿ-20 ಹಣಕಾಸು ಮಂತ್ರಿಗಳ ಸಭೆ ಆಗಿತ್ತು. ಉಕ್ರೇನ್ ಯುದ್ಧದ ಬಗ್ಗೆ ಇದ್ದ ಎರಡು ಪ್ಯಾರಾಗಳಿಗೆ ರಷ್ಯಾ, ಚೀನಾ ಒಪ್ಪದೆ, ಜಂಟಿ ಹೇಳಿಕೆಯೇ ಇಲ್ಲದೆ ಮುಗಿದಿತ್ತು. ಹಾಗಾಗಿ ಅವಳ ಪ್ರಶ್ನೆ ಅಷ್ಟೇನೂ ಮಕ್ಕಳಾಟದ್ದಲ್ಲ.

ಅವಳಿಗೆ ನಮ್ಮೂರ ಮದುವೆ ಕಥೆ ಹೇಳಿದೆ. ಒಂದು ಬದುವಿನ ವಿಷಯಕ್ಕೆ ಎರಡು ಮನೆಗಳ ನಡುವೆ ಮಾತು ನಿಂತು ಆರು ವರ್ಷ ಆಗಿತ್ತು. ಇವರು ಅವರ ಮನೆ ಮೆಟ್ಟಿಲು ಹತ್ತಲ್ಲ, ಅವರು ಇವರ ಬೀದೀಲಿ ಹಾಯಲ್ಲ. ತಾನಾಗಿ ಹೋಗಿ ಮಾತಾಡಿಸಿದರೆ ಸೋತ ಹಾಗೆ. ಆದರೆ ಮೂರನೆಯವರ ಮನೆ ಮದುವೆಗೆ ಇಬ್ಬರೂ ಬರಲೇಬೇಕಲ್ಲ? ಚಪ್ಪರದ ಕೆಳಗೆ ಬದುವಿನ ಮಾತು ಯಾರೂ ಎತ್ತಲಿಲ್ಲ. ಊಟ ಮುಗಿಸಿ, ಚಪ್ಪರದ ಹಿಂದೆ ಕೈ ತೊಳೆಯೋ ಜಾಗದಲ್ಲಿ ಇಬ್ಬರು ಯಜಮಾನರೂ ಒಂದೇ ಕೊಳಗದ ಮುಂದೆ ನಿಂತರು. ಚೊಂಬು ಒಂದೇ ಇತ್ತು. ಅಲ್ಲಿ ಶುರುವಾಯ್ತು ಮಾತು.

ಶೃಂಗಸಭೆ ಅಂದರೆ ಹೆಚ್ಚುಕಮ್ಮಿ ಇದೇ ಕಣಮ್ಮ ಅಂದೆ.

ಇಂಥ ಒಂದು ಮದುವೆಗೆ ಬೆಂಗಳೂರೇ ಚಪ್ಪರ ಆಗಿದ್ದುಂಟು. 1986ರ ನವೆಂಬರ್ 16, 17: ಸಾರ್ಕ್ ಸಂಘಟನೆಯ ಎರಡನೇ ಶೃಂಗಸಭೆ. ಆಗ ಊರಿಗೆ ಇದ್ದದ್ದು ಎಚ್‌ಎಎಲ್ ವಿಮಾನ ನಿಲ್ದಾಣ ಒಂದೇ. ಈಗ ತೇಜಸ್ ಹಾರಿದಾಗ ದೊಡ್ಡನೆಕ್ಕುಂದಿಯ ನಮ್ಮ ಫ್ಲಾಟಿನ ಕಿಟಕಿ ಅದುರುತ್ತಲ್ಲ, ಅದೇ ರನ್‌ವೇ. ಬಂದವರಲ್ಲಿ ಶ್ರೀಲಂಕಾದ ಜಯವರ್ಧನೆಗೆ ಎಂಬತ್ತು, ಭೂತಾನ್ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್‌ಗೆ ಆಗಷ್ಟೇ ಮೂವತ್ತೊಂದು (ನಮ್ಮಲ್ಲಿ ಆ ವಯಸ್ಸಿಗೆ ಟೀಮ್ ಲೀಡ್ ಆದರೇ ಹೆಚ್ಚು). ನೇಪಾಳದ ರಾಜ ಬೀರೇಂದ್ರ, ಬಾಂಗ್ಲಾದೇಶದ ಎರ್ಷಾದ್, ಮಾಲ್ಡೀವ್ಸ್‌ನ ಗಯೂಮ್, ಪಾಕಿಸ್ತಾನದ ಪ್ರಧಾನಿ ಜುನೇಜೊ. ಆತಿಥ್ಯ ರಾಜೀವ್ ಗಾಂಧಿಯದು, ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ವಿಧಾನಸೌಧದಲ್ಲಿ ಸಭೆ, ಜೊತೆಗೆ ನಂದಿಬೆಟ್ಟದಲ್ಲಿ ಅನೌಪಚಾರಿಕ ಹರಟೆ. ವೀಕೆಂಡ್ ಬೆಳಗ್ಗೆ ನಾಲ್ಕಕ್ಕೆ ಎದ್ದು ಮೋಡ ನೋಡೋಕೆ ಹೋಗ್ತೀವಲ್ಲ, ಅದೇ ನಂದಿಬೆಟ್ಟ.

ಸಾರ್ಕ್ ಹುಟ್ಟಿದ್ದು 1985ರ ಡಿಸೆಂಬರಿನಲ್ಲಿ, ಢಾಕಾದಲ್ಲಿ. ಅದರ ಸನ್ನದಿನಲ್ಲಿ ಒಂದು ವಿಚಿತ್ರ ನಿಯಮ ಇದೆ. ತೀರ್ಮಾನ ಎಲ್ಲ ಒಮ್ಮತದಿಂದಲೇ ಆಗಬೇಕು. ಎರಡು ದೇಶಗಳ ನಡುವಿನ ಜಗಳ, ವಿವಾದದ ವಿಷಯ ಮೇಜಿನ ಮೇಲೆ ಬರೋ ಹಾಗಿಲ್ಲ. ಸಣ್ಣ ದೇಶಗಳೆಲ್ಲ ಸೇರಿ ಮೇಲೆ ಬೀಳ್ತಾವೆ ಅಂತ ಭಾರತಕ್ಕೆ ಭಯ. ಭಾರತ ಎಲ್ಲರ ಮೇಲೂ ಯಜಮಾನಿಕೆ ಮಾಡುತ್ತೆ ಅಂತ ಪಾಕಿಸ್ತಾನಕ್ಕೆ ಭಯ. ಅಂದರೆ ಚಪ್ಪರದ ಕೆಳಗೆ ಬದುವಿನ ಮಾತು ಎತ್ತಬಾರದು ಅಂತ ಬರೆದೇ ಇಟ್ಟುಕೊಂಡಿದ್ದರು. ಇದನ್ನ ಓದಿದಾಗ ನನಗೆ ಮೊದಲು ನಗು ಬಂತು. ಈಗ ಅನ್ನಿಸುತ್ತೆ, ಆ ನಿಯಮ ಇರದಿದ್ದರೆ ಅವರು ಒಟ್ಟಿಗೆ ಕೂರುತ್ತಲೇ ಇರಲಿಲ್ಲ.

ನಿಜವಾದ ಮಾತೆಲ್ಲ ಪಕ್ಕದಲ್ಲಿ ನಡೀತು. ರಾಜೀವ್, ಜುನೇಜೊ ಭೇಟಿಯಾದರು. ಅದು ಅಷ್ಟೇನೂ ಫಲ ಕೊಡಲಿಲ್ಲ: ಎರಡೇ ತಿಂಗಳಿಗೆ, ಬ್ರಾಸ್‌ಟ್ಯಾಕ್ಸ್ ಅನ್ನೋ ಭಾರತದ ಸೇನಾ ಕವಾಯತಿನಿಂದಾಗಿ, ಎರಡೂ ಸೈನ್ಯಗಳು ಗಡಿಯಲ್ಲಿ ಎದುರುಬದುರಾದವು. ಆಮೇಲೆ ಜನರಲ್ ಜಿಯಾ ಜೈಪುರಕ್ಕೆ ಟೆಸ್ಟ್ ಮ್ಯಾಚ್ ನೋಡೋ ನೆಪದಲ್ಲಿ ಬರಬೇಕಾಯ್ತು. ಅದು ಇನ್ನೊಂದು ಮದುವೆ.

ಬೆಂಗಳೂರಿನ ದೊಡ್ಡ ಮಾತು ಶ್ರೀಲಂಕಾದ್ದು. ಆಗ ತಮಿಳು ಹೋರಾಟಗಾರರು ಮದ್ರಾಸಿನಲ್ಲಿ ನೆಲೆಸಿದ್ದರು. ಸಭೆಗೆ ಒಂದು ವಾರ ಮುಂಚೆ, ನವೆಂಬರ್ 8ಕ್ಕೆ, ತಮಿಳುನಾಡು ಪೊಲೀಸರು ಅವರ ಆಯುಧ ಕಿತ್ತುಕೊಂಡಿದ್ದರು. ಸಭೆಯ ಹೊತ್ತಿಗೆ ಎಲ್‌ಟಿಟಿಇ ಮುಖ್ಯಸ್ಥ ಪ್ರಭಾಕರನ್‌ನನ್ನ ವಿಮಾನದಲ್ಲಿ ಬೆಂಗಳೂರಿಗೆ ಕರೆತಂದರು. ಎಂ.ಜಿ.ಆರ್. ಕೂಡ ಬಂದರು. ಪೂರ್ವ ಪ್ರಾಂತ್ಯವನ್ನ ತಮಿಳರು, ಸಿಂಹಳೀಯರು, ಮುಸ್ಲಿಮರು ಅಂತ ಮೂರು ಪಾಲು ಮಾಡೋಣ ಅನ್ನೋದು ಜಯವರ್ಧನೆಯ ಸಲಹೆ. ಪ್ರಭಾಕರನ್ ಒಪ್ಪಲಿಲ್ಲ. ಇಬ್ಬರೂ ಒಂದೇ ಊರಲ್ಲಿದ್ದರು, ಆದರೆ ಎದುರುಬದುರು ಕೂರಲಿಲ್ಲ. ನಡುವೆ ಓಡಾಡಿದ್ದು ನಮ್ಮ ಮಂತ್ರಿಗಳು, ಅಧಿಕಾರಿಗಳು.

"ಜಗಳ ಅವರದ್ದೇ ಅಂದ್ರೆ ಅವರನ್ನೇ ಯಾಕೆ ಒಳಗೆ ಕರೀಲಿಲ್ಲ?" ಅಂದಳು.

ಶೃಂಗಸಭೆಯಲ್ಲಿ ಕುರ್ಚಿ ಇರೋದು ದೇಶಗಳಿಗೆ ಮಾತ್ರ. ಬಂದೂಕು ಹಿಡಿದವನಿಗೆ ಕುರ್ಚಿ ಕೊಟ್ಟರೆ ಎಲ್ಲರೂ ಬಂದೂಕು ಹಿಡಿದು ಬರ್ತಾರೆ ಅಂತ ಸರ್ಕಾರಗಳ ವಾದ. ಅದೂ ತಪ್ಪಲ್ಲ. ಆದರೆ ನಮ್ಮೂರಿನ ಕಥೆಯಲ್ಲಿ ಅವಳಿಗೆ ಹೇಳದೆ ಬಿಟ್ಟದ್ದೊಂದು ಇತ್ತು. ಕೈ ತೊಳೆಯುತ್ತಾ ಯಜಮಾನರಿಬ್ಬರೂ ರಾಜಿಯಾದರು. ಆ ಹೊಲ ಉಳುತ್ತಿದ್ದ ತಮ್ಮನನ್ನ ಯಾರೂ ಕೇಳಿರಲಿಲ್ಲ. ಮುಂದಿನ ಮುಂಗಾರಿಗೆ ಅವನು ಬದು ಸೇರಿಸಿಯೇ ಉತ್ತುಬಿಟ್ಟ.

1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್–ಜಯವರ್ಧನೆ ಒಪ್ಪಂದ ಆಯ್ತು. ಅದರಲ್ಲೂ ಸಹಿ ಎರಡು ಸರ್ಕಾರಗಳದ್ದೇ. ಅಕ್ಟೋಬರ್ ಹೊತ್ತಿಗೆ ಶಾಂತಿ ಕಾಪಾಡಲು ಹೋದ ಭಾರತದ ಸೈನ್ಯವೇ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಇಳಿದಿತ್ತು. ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಹತ್ಯೆ. ಆ ಆಗಸ್ಟ್‌ನಲ್ಲಿ ಸಂಚಿನ ಶಿವರಾಸನ್ ಹೆಣವಾಗಿ ಸಿಕ್ಕಿದ್ದು ಇದೇ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ. ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ. ದೊಡ್ಡವಳಾದ ಮೇಲೆ ಓದ್ಕೊಳ್ಳಲಿ.

ಹಾಗಾದರೆ ಆ ಎರಡು ದಿನ ದಂಡವಾ? ನನಗೆ ಹಾಗನ್ನಿಸಲ್ಲ. ಕಠ್ಮಂಡುವಿನಲ್ಲಿ ಸಾರ್ಕ್‌ಗೆ ಕಾಯಂ ಕಚೇರಿ ತೆರೆಯೋ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಲ್ಲೇ. ಮರು ಜನವರಿಗೆ ಅದು ತೆರೆಯಿತು, ಇನ್ನೂ ಇದೆ. ಇಲ್ಲದಿರೋದು ಮದುವೆ. 2014ರ ನವೆಂಬರಿನಲ್ಲಿ ಕಠ್ಮಂಡುವಿನಲ್ಲೇ ನಡೆದ ಹದಿನೆಂಟನೇ ಶೃಂಗಸಭೆಯೇ ಕೊನೆಯದು. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಆಗಬೇಕಿದ್ದದ್ದು ಉರಿ ದಾಳಿಯ ನಂತರ ನಿಂತುಹೋಯ್ತು. ಭಾಷಣ ಕೇಳಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ಆ ಕೊಳಗದ ಹತ್ತಿರ ಅಕಸ್ಮಾತ್ ಸಿಗೋ ಅವಕಾಶ ಹೋಯ್ತಲ್ಲ, ಅದಕ್ಕೆ ಬೇಜಾರು.

ಬೆಂಗಳೂರು ಘೋಷಣೆಯಲ್ಲಿ ಮಕ್ಕಳ ಬಗ್ಗೆ ಏನಿತ್ತು ಅಂತ ಕೊನೆಗೆ ಹೇಳಿದೆ. 1990ರೊಳಗೆ ಎಲ್ಲ ಮಕ್ಕಳಿಗೂ ಲಸಿಕೆ. 2000ದ ಮೊದಲು ಎಲ್ಲರಿಗೂ ಪ್ರಾಥಮಿಕ ಶಿಕ್ಷಣ, ತಲೆ ಮೇಲೊಂದು ಸೂರು, ಶುದ್ಧ ಕುಡಿಯುವ ನೀರು. ಏಳೂ ದೇಶಗಳ ನಾಯಕರು ತಕರಾರಿಲ್ಲದೆ ಒಪ್ಪಿದ ಮಾತು. ಅದನ್ನ ಚಾರ್ಟ್ ಮೂಲೆಯಲ್ಲಿ ಹಸಿರು ಸ್ಕೆಚ್ ಪೆನ್ನಲ್ಲಿ ಬರ್ಕೊಂಡಳು. ಕೆಳಗೆ ಸಂಪಿನ ಹತ್ತಿರ ಆ ದಿನದ ಎರಡನೇ ಟ್ಯಾಂಕರ್ ಹಾರ್ನ್ ಹೊಡೀತಿತ್ತು.

"ಟ್ಯಾಂಕರ್ ನೀರೂ ಲೆಕ್ಕಕ್ಕೆ ಬರುತ್ತಾ ಅಪ್ಪಾ?" ಅಂತ ಕೇಳಿದಳು.