ದಾಖಲೆ ಪುಸ್ತಕದಲ್ಲಿ ಒಂದು ಪದ

ನಾಲ್ಕುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಎಷ್ಟನೆಯ ವಯಸ್ಸಿಗೆ ಮದುವೆಯಾಗುತ್ತಿತ್ತು? ಹದಿನಾಲ್ಕೋ ಹದಿನೈದೋ ಎಂದು ನೀವು ಊಹಿಸಬಹುದು. ಷೇಕ್ಸ್‌ಪಿಯರನ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲವಲ್ಲ! ಆದರೆ ಆ ಕವಿಯ ಸ್ವಂತ ಮದುವೆಯೇ ಬೇರೆ ಮಾತನ್ನು ಹೇಳುತ್ತದೆ. 1582ರ ನವೆಂಬರಿನಲ್ಲಿ ಅವನನ್ನು ವರಿಸಿದ ಆನ್ ಹ್ಯಾಥವೇಗೆ ಸುಮಾರು 26 ವರ್ಷ, ಅವನಿಗೆ 18. ಹಿರಿಯ ಮಗಳ ದೀಕ್ಷಾಸ್ನಾನ ನಡೆದದ್ದು ಮರುವರ್ಷದ ಮೇ 26ರಂದು. ತಿಂಗಳುಗಳನ್ನು ನೀವೇ ಎಣಿಸಿಕೊಳ್ಳಿ. ವರನ ಎಳೆವಯಸ್ಸು ಅಪರೂಪ. ವಧುವಿನ ವಯಸ್ಸಾಗಲಿ, ಆಕೆ ಗರ್ಭಿಣಿಯಾಗಿದ್ದದ್ದಾಗಲಿ ಆ ಕಾಲಕ್ಕೆ ಅಪರೂಪವಲ್ಲ.

ಈ ಸಂಗತಿಗಳು ನಮಗೆ ದೊರೆತದ್ದು ಸಭೆಗಳ ದಾಖಲೆ ಪುಸ್ತಕಗಳಿಂದ. ಪ್ರತಿಯೊಂದು ಸಭೆಯೂ ದೀಕ್ಷಾಸ್ನಾನ, ವಿವಾಹ, ಸಮಾಧಿಗಳನ್ನು ಬರೆದಿಡತಕ್ಕದ್ದೆಂದು ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದನು. ಡೆವನ್ ಸೀಮೆಯ ಕಾಲಿಟನ್ ಎಂಬ ಊರಿನ ಅಂಥ ಪುಸ್ತಕಗಳನ್ನು ಇ. ಎ. ರಿಗ್ಲಿ ಎಂಬ ಇತಿಹಾಸಕಾರರು ಕುಟುಂಬ ಕುಟುಂಬವಾಗಿ ಜೋಡಿಸಿ 1966ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಲ್ಲಿ 1560ರಿಂದ 1646ರವರೆಗೆ ಹೆಣ್ಣಿನ ಮೊದಲ ಮದುವೆಯ ಸರಾಸರಿ ವಯಸ್ಸು 27. ಮುಂದೆ 1719ರವರೆಗೆ ಅದು 29.6ಕ್ಕೆ ಏರಿತು, ವರರ ಸರಾಸರಿ 27.7 ಮಾತ್ರ!

ಕಾರಣ ಬಡತನದ ಲೆಕ್ಕಾಚಾರ. ಮದುವೆಯಾದವರು ಹೆತ್ತವರ ಮನೆಯಲ್ಲಿ ಉಳಿಯದೆ ಬೇರೆ ಒಲೆ ಹೂಡುವುದು ಅಲ್ಲಿಯ ರೂಢಿ. ಅದಕ್ಕೆ ಹಣ ಬೇಕು. ಹದಿಹರೆಯದಲ್ಲೇ ಗಂಡುಹೆಣ್ಣುಗಳಿಬ್ಬರೂ ಒಕ್ಕಲಿಗರ ಮನೆಗಳಲ್ಲಿ ವರ್ಷದ ಸಂಬಳಕ್ಕೆ ಆಳುಗಳಾಗಿ ದುಡಿದು ಕೂಡಿಡುತ್ತಿದ್ದರು.

ಹಾಗಾದರೆ ಹತ್ತುಹನ್ನೆರಡು ವರ್ಷ ಕಾಯುವ ಯುವಜನರಲ್ಲಿ ವಿವಾಹದ ಹೊರಗಿನ ಜನನಗಳು ಹೇರಳವಾಗಿದ್ದಿರಬೇಕಲ್ಲವೇ? ಹಾಗಿರಲಿಲ್ಲ. 17ನೆಯ ಶತಮಾನದ ನಡುವಿನಲ್ಲಿ ನೂರು ಶಿಶುಗಳಲ್ಲಿ ಅಂಥವು ಒಂದೆರಡು ಮಾತ್ರ. 18ನೆಯ ಶತಮಾನದಲ್ಲಿ ಮದುವೆಯ ವಯಸ್ಸು ಇಳಿಯಿತು. ಆಗಲೇ ಈ ಸಂಖ್ಯೆ ಏರತೊಡಗಿ 19ನೆಯ ಶತಮಾನದ ಆರಂಭಕ್ಕೆ ಐದಾರಕ್ಕೆ ಮುಟ್ಟಿತು. ಬೇಗ ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆನ್ನುವ ಹಿರಿಯರಿಗೆ ಇದು ಒಗಟಿನಂತೆ ತೋರೀತು. ನನಗೂ ಮೊದಲು ಹಾಗೆಯೇ ತೋರಿತ್ತು.

ಒಗಟನ್ನು ಬಿಡಿಸುವುದು ಆ ತಾಯಂದಿರ ವಯಸ್ಸು. ಅದು ವಧುಗಳ ವಯಸ್ಸಿಗೆ ಬಹು ಸಮೀಪ. ಅಂದರೆ ಅವರಲ್ಲಿ ಬಹಳ ಮಂದಿ ಮದುವೆಯ ಹೊಸ್ತಿಲಲ್ಲಿದ್ದವರೇ. ಜೋಡಿಯೊಂದು ಪರಸ್ಪರ ಮಾತು ಕೊಟ್ಟ ಮೇಲೆ ಕೂಡಿಬಾಳುವುದನ್ನು ಹಳ್ಳಿಯ ಜನ ಅಷ್ಟಾಗಿ ತಪ್ಪೆಣಿಸುತ್ತಿರಲಿಲ್ಲ. 1753ರ ವಿವಾಹ ಶಾಸನದವರೆಗೆ ಸಭೆಯ ನ್ಯಾಯಾಲಯಗಳೂ ಅಂಥ ಮಾತಿಗೆ ಬೆಲೆ ಕೊಡುತ್ತಿದ್ದವು. ಬೆಳೆ ಕೈಕೊಟ್ಟರೆ, ಕೆಲಸ ತಪ್ಪಿದರೆ, ಹುಡುಗ ಸೈನ್ಯಕ್ಕೆ ಸೇರಿದರೆ, ಸತ್ತರೆ ಮದುವೆ ನಿಂತುಹೋಗುತ್ತಿತ್ತು. ಮಗು ಮಾತ್ರ ಹುಟ್ಟುತ್ತಿತ್ತು. ಮೋಸಹೋದವರೂ ಇದ್ದರು, ಯಜಮಾನನ ಬಲಾತ್ಕಾರಕ್ಕೆ ಸಿಕ್ಕ ಸೇವಕಿಯರೂ ಇದ್ದರು.

ಅನಂತರದ ಕಥೆ ಕಠಿಣವಾದದ್ದು. ಬಿಳಿ ಬಟ್ಟೆ ಹೊದ್ದು ಸಭೆಯೆದುರು ನಿಂತು ತಪ್ಪೊಪ್ಪಿಕೊಳ್ಳಬೇಕಾಗಿತ್ತು. ಮಗುವಿನ ಪೋಷಣೆ ಊರಿನ ಮೇಲೆ ಬೀಳುವಂತಿದ್ದರೆ ತಾಯಿಗೆ ಒಂದು ವರ್ಷ ದಂಡನಾಗೃಹವಾಸವೆಂದು 1610ರ ಶಾಸನ ವಿಧಿಸಿತು. ಸೂಲಗಿತ್ತಿಯರು ಹೆರಿಗೆಯ ನೋವಿನ ನಡುವೆಯೇ ತಂದೆಯ ಹೆಸರು ಹೇಳೆಂದು ಒತ್ತಾಯಿಸುತ್ತಿದ್ದರು. ವಿವಾಹದ ಹೊರಗಿನ ಮಗು ಹುಟ್ಟಿದ ಊರೇ ಅದನ್ನು ಸಲಹಬೇಕಾದ್ದರಿಂದ, ದಿನ ತುಂಬಿದ ಗರ್ಭಿಣಿಯರನ್ನು ಗಡಿಯಾಚೆ ಅಟ್ಟಿದ ಅಧಿಕಾರಿಗಳೂ ಉಂಟು.

ಇಷ್ಟಾದರೂ ಅಂಥ ಮಗುವಿಗೂ ದೀಕ್ಷಾಸ್ನಾನ ದೊರೆಯುತ್ತಿತ್ತು. ಪಾದ್ರಿ ಹೆಸರನ್ನು ಬರೆದು, ಪಕ್ಕದಲ್ಲಿ ‘ಬೇಸ್’, ಅಂದರೆ ಹೀನಜನ್ಮದ್ದು, ಎಂಬ ಪದವನ್ನು ಸೇರಿಸುತ್ತಿದ್ದನು. ಕೆಲವರು ಲ್ಯಾಟಿನ್ನಿನಲ್ಲಿ ‘ಫೀಲಿಯುಸ್ ಪೋಪುಲಿ’, ಜನರ ಮಗ, ಎಂದು ಬರೆದರು. ಅದೇ ಪುಸ್ತಕಗಳ ಪುಟ ಮಗುಚಿದರೆ, ಕೆಲವೊಮ್ಮೆ ಅದೇ ಮಗುವಿನ ಹೆಸರು ಸಮಾಧಿಯ ಪಟ್ಟಿಯಲ್ಲಿ ಬೇಗನೆ ಸಿಗುತ್ತದೆ. ಕೆಲವೊಮ್ಮೆ ಒಂದೆರಡು ವರ್ಷಗಳ ಅನಂತರ, ವಿವಾಹದ ಪಟ್ಟಿಯಲ್ಲಿ, ಅದರ ತಾಯಿಯ ಹೆಸರು.